ಮಂಗಳೂರಿನ ಕಡಲಿಗೆ ಬರುವವರೊಡನೆ ನಾಲ್ಕು ಮಾತು

ಡಿಸೆಂಬರ್ ರಜೆ ಬಂತೆಂದರೆ ಶಿರಾಡಿ ಘಾಟಿ ಇಳಿದು ಬರುವ ವಾಹನಗಳು ಮಂಗಳೂರಿನ ಪಂಪ್‌ವೆಲ್‌ನಲ್ಲಿ ಸಾಲುಗಟ್ಟುತ್ತವೆ. ಕಾಲೇಜು ಹುಡುಗರ ಟೆಂಪೊ ಟ್ರಾವೆಲರ್, ಅಜ್ಜಿಯಿಂದ ಮೊಮ್ಮಗುವಿನ ತನಕ ಇಡೀ ಮನೆಯನ್ನು ತುಂಬಿಕೊಂಡ ಕಾರು, ಧರ್ಮಸ್ಥಳ, ಸುಬ್ರಹ್ಮಣ್ಯ ಮುಗಿಸಿ "ಇಲ್ಲಿ ತನಕ ಬಂದಾಗಿದೆ, ಸಮುದ್ರ ನೋಡಿಯೇ ಹೋಗೋಣ" ಎಂದು ಇತ್ತ ತಿರುಗಿದ ಯಾತ್ರೆಯ ಬಸ್ಸು. ಹೆಚ್ಚಿನವರ ಕೈಯಲ್ಲಿರುವುದು ಒಂದು ದಿನ, ಹೆಚ್ಚೆಂದರೆ ಎರಡು. ಮೊಬೈಲಿನಲ್ಲಿ ಮೊದಲು ಕಂಡ ಬೀಚಿಗೆ ಹೋಗಿ, ನಡು ಮಧ್ಯಾಹ್ನದ ಬಿಸಿಲಿನಲ್ಲಿ ಬೆಂದು, ಸಿಕ್ಕಿದ ಹೋಟೆಲಿನಲ್ಲಿ ಉಂಡು ಮರಳುತ್ತಾರೆ. ಇದಕ್ಕಿಂತ ದೊಡ್ಡ ನೋವು ಬೇರೆಯೇ ಇದೆ. ರಜೆಯ ದಿನಗಳ ಮರುದಿನ ಪತ್ರಿಕೆ ತೆರೆದರೆ ಸಮುದ್ರಪಾಲಾದ ಯುವಕರ ಸುದ್ದಿ ಕಣ್ಣಿಗೆ ಬೀಳುವುದುಂಟು. ಅವರಲ್ಲಿ ಅನೇಕರು ಘಟ್ಟದ ಮೇಲಿನ ಮಕ್ಕಳು.

ಹಾಗಾಗಿ ಈ ಊರವರಿಗೆ ಗೊತ್ತಿರುವ ಕೆಲವು ಸಂಗತಿಗಳನ್ನು ಬರುವವರಿಗೂ ಹೇಳಬೇಕು. ಮೀನಿನ ರೇಟಿನಿಂದ ಹಿಡಿದು ಯಕ್ಷಗಾನದ ತಿರುಗಾಟದ ತನಕ ಇಲ್ಲಿ ಎಲ್ಲವೂ ನಡೆಯುವುದು ಕಡಲು ಮತ್ತು ಮಳೆಯ ಲೆಕ್ಕದಲ್ಲಿ. ಆ ಲೆಕ್ಕ ತಿಳಿದು ಬಂದರೆ ಪ್ರವಾಸ ಸುಖ. ತಿಳಿಯದೆ ಬಂದರೆ ಹಣವೂ ಹೋಗುತ್ತದೆ, ಕೆಲವೊಮ್ಮೆ ಜೀವವೂ ಹೋಗುತ್ತದೆ.

ಯಾವ ತಿಂಗಳು, ಯಾವ ಹೊತ್ತು

ನವೆಂಬರ್‌ನಿಂದ ಫೆಬ್ರವರಿ ತನಕ ಬರುವುದು ಎಲ್ಲಕ್ಕಿಂತ ಒಳ್ಳೆಯದು. ಬೆಳಗ್ಗೆ ಹಿತವಾದ ಗಾಳಿ, ತಿಳಿಯಾದ ಆಕಾಶ, ಸೌಮ್ಯವಾದ ಕಡಲು. ಮಾರ್ಚ್ ಕಾಲಿಟ್ಟಿತೆಂದರೆ ಸೆಕೆ. ಇಲ್ಲಿಯ ಸೆಕೆ ಬಯಲುಸೀಮೆಯ ಬಿಸಿಲಿನಂತಲ್ಲ. ಉಷ್ಣಾಂಶ ಬಳ್ಳಾರಿಗಿಂತ ಕಡಿಮೆಯೇ ಇದ್ದರೂ ಗಾಳಿಯಲ್ಲಿ ನೀರಿನ ಅಂಶ ತುಂಬಿರುವುದರಿಂದ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬರುವವರು ಹತ್ತಿ ಬಟ್ಟೆ ತನ್ನಿ. ಬೆಳಗ್ಗೆ ಒಂಬತ್ತರ ಒಳಗೆ ಅಥವಾ ಸಂಜೆ ನಾಲ್ಕೂವರೆಯ ಮೇಲೆ ಮಾತ್ರ ಕಡಲ ಬದಿಗೆ ಹೋಗಿ. ನಡುವಿನ ಹೊತ್ತಿಗೆ ನೆರಳಿನ ಜಾಗಗಳು ಬೇಕಾದಷ್ಟಿವೆ. ಕದ್ರಿ ಮಂಜುನಾಥನ ದೇವಸ್ಥಾನದಲ್ಲಿ ಕ್ರಿ.ಶ. 968ರ ಶಾಸನವಿರುವ ಲೋಕೇಶ್ವರನ ಕಂಚಿನ ಮೂರ್ತಿಯಿದೆ. ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ, ಮಾಡುಗಳ ತುಂಬ ಇಟಲಿಯ ಅಂತೋನಿಯೊ ಮೊಸ್ಕೇನಿ ಬಿಡಿಸಿದ ಚಿತ್ರಗಳಿವೆ. ಇವೆರಡನ್ನು ನಿಧಾನವಾಗಿ ನೋಡಿದರೆ ಬಿಸಿಲು ಇಳಿದೇ ಬಿಡುತ್ತದೆ.

ಜೂನ್‌ನಿಂದ ಸೆಪ್ಟೆಂಬರ್ ಮಳೆಯ ಕಾಲ. ವರ್ಷಕ್ಕೆ 3,500 ಮಿ.ಮೀ. ಮೀರಿ ಸುರಿಯುವ ಊರು ಇದು, ಅದರ ಬಹುಪಾಲು ಈ ನಾಲ್ಕೇ ತಿಂಗಳಲ್ಲಿ. ಮಳೆ ನೋಡಲೆಂದೇ ಬರುವವರಿಗೆ ಸ್ವಾಗತ, ಆದರೆ ಆಗ ಕಡಲು ದೂರದಿಂದ ನೋಡುವುದಕ್ಕಷ್ಟೇ. ಘಾಟಿ ಕುಸಿದು ರಸ್ತೆ ಮುಚ್ಚುವುದೂ ಇದೇ ದಿನಗಳಲ್ಲಿ. ಹೊರಡುವ ಮುನ್ನ ಶಿರಾಡಿ, ಚಾರ್ಮಾಡಿಯ ಸ್ಥಿತಿ ವಿಚಾರಿಸಿ.

ಹೊರಗಿನವರು ಹೆಚ್ಚಾಗಿ ಮೋಸಹೋಗುವುದು ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್‌ನಲ್ಲಿ. ಮಳೆ ಕಡಿಮೆಯಾಗಿರುತ್ತದೆ, ದಸರಾ ರಜೆ ಸಿಕ್ಕಿರುತ್ತದೆ, ಬಿಸಿಲೂ ಚೆನ್ನಾಗಿರುತ್ತದೆ. ಆದರೆ ಮಳೆಗಾಲದ ಅಲೆಗಳು ದಡದ ಮರಳನ್ನು ಕಡಲೊಳಗೆ ಎಳೆದೊಯ್ದು ಹೊಂಡಗಳನ್ನು ಮಾಡಿರುತ್ತವೆ. ಆ ಮರಳು ಮತ್ತೆ ದಡಕ್ಕೆ ಬಂದು ಕೂರಲು ವಾರಗಳೇ ಬೇಕು. ಅಲ್ಲಿ ತನಕ ಮೊಣಕಾಲುದ್ದದ ನೀರು ಮುಂದಿನ ಹೆಜ್ಜೆಗೆ ಎದೆಯುದ್ದ ಆಗಬಹುದು.

ಯಾವ ಕಿನಾರೆ ಯಾರಿಗೆ

ಮಂಗಳೂರಿಗೆ ಇರುವುದು ಒಂದು ಬೀಚಲ್ಲ. ದಕ್ಷಿಣದ ಸೋಮೇಶ್ವರ, ಉಳ್ಳಾಲದಿಂದ ಉತ್ತರದ ಸಸಿಹಿತ್ಲು ತನಕ ಕಡಲು ಉದ್ದಕ್ಕೂ ಮೈಚಾಚಿಕೊಂಡಿದೆ. ಒಂದೊಂದು ಕಿನಾರೆಗೂ ಒಂದೊಂದು ಗುಣ.

ಮಕ್ಕಳು, ವಯಸ್ಸಾದವರು ಜೊತೆಯಲ್ಲಿದ್ದರೆ ಪಣಂಬೂರಿಗೆ ಹೋಗಿ. ಪೇಟೆಯಿಂದ ಸುಮಾರು 10 ಕಿಲೋಮೀಟರ್. ಜೀವರಕ್ಷಕರು ಇರುತ್ತಾರೆ, ಚರುಮುರಿಯಿಂದ ಐಸ್‌ಕ್ರೀಮ್ ತನಕ ಅಂಗಡಿಗಳಿವೆ. ಪಕ್ಕದಲ್ಲೇ ನವಮಂಗಳೂರು ಬಂದರು. 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿದ ಈ ಬಂದರಿಗೆ ಬರುವ ಹಡಗುಗಳು ದೂರದಲ್ಲಿ ಲಂಗರು ಹಾಕಿ ಸರದಿ ಕಾಯುವುದನ್ನು ಮಕ್ಕಳಿಗೆ ತೋರಿಸಬಹುದು. ಭಾನುವಾರ ಸಂಜೆ ಮಾತ್ರ ಇಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ವಾರದ ದಿನ ಬನ್ನಿ, ಇಲ್ಲವೇ ಬೆಳಗ್ಗೆ ಬನ್ನಿ.

ನೆರಳು, ನೆಮ್ಮದಿ ಬೇಕೆನ್ನುವವರಿಗೆ ತಣ್ಣೀರುಬಾವಿ. ದಡದುದ್ದಕ್ಕೂ ಗಾಳಿಮರಗಳಿವೆ, ಹತ್ತಿರದಲ್ಲೇ ಟ್ರೀ ಪಾರ್ಕ್ ಇದೆ. ಕಾರಿನಲ್ಲಿ ಹೋಗುವುದಾದರೆ ಹೆದ್ದಾರಿ ಹಿಡಿದು ಕೂಳೂರು ಸೇತುವೆ ದಾಟಿ ಸುತ್ತಿ ಬರಬೇಕು. ಬಂದರಿನ ಲಾರಿಗಳ ನಡುವೆ ಆ ದಾರಿ ಸಾಕುಸಾಕಾಗುತ್ತದೆ. ಊರವರ ದಾರಿ ಬೇರೆ. ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋಗಿ, ಟಿಪ್ಪು 1784ರಲ್ಲಿ ಕಟ್ಟಿಸಿದ ಕಪ್ಪು ಕಲ್ಲಿನ ಕಾವಲು ಬುರುಜು ನೋಡಿ, ಅಲ್ಲಿಂದ ಫೆರಿ ದೋಣಿ ಹತ್ತಿ ಫಲ್ಗುಣಿ ನದಿ ದಾಟುವುದು. ಆಚೆ ದಡದಿಂದ ನಡೆದರೆ ಕಡಲು. ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಹೋಗುವಾಗಲೇ ಕೇಳಿಟ್ಟುಕೊಳ್ಳಿ.

ಸುರತ್ಕಲ್‌ನಲ್ಲಿ ಲೈಟ್‌ಹೌಸ್ ಮತ್ತು ಕರಿಬಂಡೆಗಳಿವೆ. ಅದರಾಚೆಯ ಸಸಿಹಿತ್ಲುವಿನಲ್ಲಿ ನಂದಿನಿ, ಶಾಂಭವಿ ನದಿಗಳು ಒಟ್ಟಾಗಿ ಕಡಲು ಸೇರುತ್ತವೆ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಮರಳಿನ ಪಟ್ಟಿ. ನೋಡಲು ಇಷ್ಟು ಚೆಂದದ ಜಾಗ ಈ ಭಾಗದಲ್ಲಿ ಇನ್ನೊಂದಿಲ್ಲ. 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆದದ್ದು ಇಲ್ಲಿಯೇ. ಸರ್ಫಿಂಗ್ ಕಲಿಯುವ ಆಸೆಯಿದ್ದರೆ ಮೂಲ್ಕಿಯ ಆಸುಪಾಸಿನಲ್ಲಿ ತರಬೇತಿ ಕೊಡುವವರಿದ್ದಾರೆ. ಅವರ ಜೊತೆ ಹೋಗಿ, ನೀವಾಗಿಯೇ ಹಲಗೆ ಹಿಡಿದು ಇಳಿಯಬೇಡಿ.

ಸೋಮೇಶ್ವರದ ಮಾತು ಬೇರೆ. ಸೋಮನಾಥ ದೇವಸ್ಥಾನ, ಅದರ ಕೆಳಗೆ ರುದ್ರಶಿಲೆ ಎಂದು ಕರೆಯುವ ದೊಡ್ಡ ಬಂಡೆಗಳು, ಅವುಗಳಿಗೆ ಅಪ್ಪಳಿಸಿ ಏಳುವ ಅಲೆ. ಪೋರ್ಚುಗೀಸರನ್ನು ಎದುರಿಸಿದ ರಾಣಿ ಅಬ್ಬಕ್ಕನ ನೆಲ ಇದು. ಸೂರ್ಯಾಸ್ತಕ್ಕೆ ಇಲ್ಲಿಗೆ ಖಂಡಿತ ಬನ್ನಿ. ಆದರೆ ನೀರಿಗೆ ಇಳಿಯಬೇಡಿ, ಬಂಡೆಯ ತುದಿಗೆ ಹೋಗಿ ಫೋಟೊ ತೆಗೆಸಿಕೊಳ್ಳಬೇಡಿ. ಪಾಚಿ ಹಿಡಿದ ಬಂಡೆ ಜಾರುತ್ತದೆ. ಹತ್ತು ಸಣ್ಣ ಅಲೆಗಳ ಬೆನ್ನಿಗೆ ಒಂದು ದೊಡ್ಡ ಅಲೆ ಹೇಳದೆ ಕೇಳದೆ ಬರುತ್ತದೆ. ಕಡಲ್ಕೊರೆತ ತಡೆಯಲು ಉಳ್ಳಾಲದ ಕಡೆ ಹಾಕಿರುವ ಕಲ್ಲಿನ ರಾಶಿಗಳ ಮೇಲೂ ಹತ್ತಬಾರದು. ಆ ಕಲ್ಲುಗಳ ನಡುವಿನ ಸಂದಿಗೆ ಕಾಲು ಸಿಕ್ಕಿಕೊಂಡರೆ ಬಿಡಿಸಿಕೊಳ್ಳುವುದು ಕಷ್ಟ.

ಶಾಂತವಾಗಿ ಕಾಣುವ ನೀರು

ಈಜು ಬರುತ್ತದೆ ಎಂಬ ಧೈರ್ಯದಿಂದ ಇಳಿದವರೇ ಎಷ್ಟೋ ಸಲ ಮುಳುಗುತ್ತಾರೆ. ಕೆರೆ, ಬಾವಿಯ ಈಜಿಗೂ ಕಡಲಿಗೂ ಇರುವ ವ್ಯತ್ಯಾಸ ಗೊತ್ತಾಗಬೇಕಾದರೆ ನೀರಿನ ಸೆಳೆತ ಹೇಗೆ ಹುಟ್ಟುತ್ತದೆ ಎಂದು ತಿಳಿಯಬೇಕು.

ಅಲೆಗಳು ಬಿಡುವಿಲ್ಲದೆ ನೀರನ್ನು ದಡಕ್ಕೆ ತಂದು ಹಾಕುತ್ತವೆ. ಆ ನೀರು ಹಿಂದಿರುಗಲೇಬೇಕು. ದಡದಿಂದ ಸ್ವಲ್ಪ ದೂರದಲ್ಲಿ ನೀರಿನ ಅಡಿಯಲ್ಲಿ ಮರಳಿನ ದಿಬ್ಬಗಳಿರುತ್ತವೆ. ಎರಡು ದಿಬ್ಬಗಳ ನಡುವೆ ತಗ್ಗು ಎಲ್ಲಿ ಸಿಗುತ್ತದೋ ಅಲ್ಲಿಂದ ನೀರೆಲ್ಲ ಒಟ್ಟಾಗಿ ಕಡಲಿನತ್ತ ರಭಸದಿಂದ ಹರಿಯುತ್ತದೆ. ಇದೇ ಸೆಳೆತ. ತಗ್ಗಿನಲ್ಲಿ ನೀರು ಆಳವಾಗಿರುವುದರಿಂದ ಅಲ್ಲಿ ಅಲೆ ಒಡೆಯುವುದಿಲ್ಲ. ಅಕ್ಕಪಕ್ಕದಲ್ಲಿ ನೊರೆಯೆಬ್ಬಿಸಿ ಅಬ್ಬರಿಸುವ ಅಲೆಗಳು, ನಡುವೆ ಈ ಒಂದು ಪಟ್ಟಿ ಮಾತ್ರ ಶಾಂತ. ಹೊಸಬರು "ಇಲ್ಲಿ ಅಲೆ ಇಲ್ಲ, ಮಕ್ಕಳಿಗೆ ಒಳ್ಳೆಯದು" ಎಂದು ಆರಿಸಿಕೊಳ್ಳುವುದು ಅದೇ ಜಾಗವನ್ನು. ನೀರು ಸುತ್ತಲಿಗಿಂತ ಕಪ್ಪಾಗಿ ಅಥವಾ ರಾಡಿಯಾಗಿ ಕಂಡರೆ, ನೊರೆ, ಕಸಕಡ್ಡಿಗಳು ದಡದಿಂದ ಒಳಕ್ಕೆ ತೇಲಿ ಹೋಗುತ್ತಿದ್ದರೆ ಅಲ್ಲಿ ಸೆಳೆತ ಇದೆಯೆಂದೇ ಲೆಕ್ಕ. ನೀರಿಗೆ ಇಳಿಯುವ ಮುನ್ನ ಹತ್ತು ನಿಮಿಷ ದಡದಲ್ಲಿ ನಿಂತು ಕಡಲನ್ನು ನೋಡಿ. ಸೆಳೆತದ ಜಾಗ ಹೆಚ್ಚಾಗಿ ಕಣ್ಣಿಗೆ ಬೀಳುತ್ತದೆ.

ಸಿಕ್ಕಿಕೊಂಡರೆ ಏನು ಮಾಡಬೇಕು? ದಡದ ಕಡೆಗೆ ನೇರವಾಗಿ ಈಜಬೇಡಿ. ಸೆಳೆತದ ವಿರುದ್ಧ ಈಜಿ ಗೆಲ್ಲುವುದು ಒಳ್ಳೆಯ ಈಜುಗಾರನಿಗೂ ಆಗದ ಕೆಲಸ, ಐದು ನಿಮಿಷದಲ್ಲಿ ಕೈ ಸೋಲುತ್ತದೆ. ಸೆಳೆತ ನಿಮ್ಮನ್ನು ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ ಅಷ್ಟೆ. ಮೈ ಸಡಿಲ ಬಿಟ್ಟು ತೇಲಿ, ಕೈಯೆತ್ತಿ ಕೂಗಿ. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ. ಆ ಪಟ್ಟಿ ಹೆಚ್ಚು ಅಗಲ ಇರುವುದಿಲ್ಲ, ಅದರಿಂದ ಹೊರಬಂದರೆ ಅಲೆಗಳೇ ನಿಮ್ಮನ್ನು ದಡಕ್ಕೆ ತರುತ್ತವೆ. ಬೇರೆಯವರು ಸಿಕ್ಕಿಕೊಂಡದ್ದು ಕಂಡರೆ ಹಿಂದೆಮುಂದೆ ನೋಡದೆ ಹಾರಬೇಡಿ. ಒಬ್ಬನನ್ನು ಉಳಿಸಲು ಹೋದ ಗೆಳೆಯರೂ ಮುಳುಗಿದ ಪ್ರಸಂಗಗಳು ಒಂದೆರಡಲ್ಲ. ಖಾಲಿ ಕ್ಯಾನು, ಹಗ್ಗ, ಟ್ಯೂಬು, ಕೈಗೆ ಸಿಕ್ಕಿದ ತೇಲುವ ವಸ್ತು ಎಸೆಯಿರಿ. ಜೀವರಕ್ಷಕರನ್ನು, ಹತ್ತಿರದ ಮೀನುಗಾರರನ್ನು ಕೂಗಿ. 112ಕ್ಕೆ ಕರೆ ಮಾಡಿ.

ನದಿ ಕಡಲು ಸೇರುವ ಅಳಿವೆಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ನೀರು ಇಳಿತದ ಹೊತ್ತಿನಲ್ಲಿ ಹೊಳೆಯ ಹರಿವೂ ಸೇರಿಕೊಂಡು ಒಳಕ್ಕೆ ಎಳೆಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸು ಉಬ್ಬರ ಇಳಿತ ಎರಡೂ ಜೋರು. ಕುಡಿದು ನೀರಿಗೆ ಇಳಿಯುವುದು, ಕತ್ತಲಾದ ಮೇಲೆ ಇಳಿಯುವುದು, ಕೆಂಪು ಬಾವುಟ ಹಾಕಿದ್ದರೂ ಇಳಿಯುವುದು, ಈ ಮೂರನ್ನು ಬಿಟ್ಟರೆ ಅರ್ಧ ಸಾವುಗಳು ತಪ್ಪಿಯಾವು.

ಓಡಾಟ

ರೈಲಿನಲ್ಲಿ ಬರುವವರು ಟಿಕೆಟ್ ಮಾಡುವಾಗಲೇ ನಿಲ್ದಾಣ ನೋಡಿಕೊಳ್ಳಿ. ಮಂಗಳೂರು ಸೆಂಟ್ರಲ್ ಪೇಟೆಯ ನಡುವೆ ಇದೆ. ಜಂಕ್ಷನ್ ಇರುವುದು ಪಡೀಲ್ ಕಡೆ. ಕೊಂಕಣ ರೈಲ್ವೆಯ ಹಾದಿಯಲ್ಲಿ ಮುಂದೆ ಹೋಗುವ ಕೆಲವು ರೈಲುಗಳಿಗೆ ಸುರತ್ಕಲ್‌ನಲ್ಲಿ ನಿಲುಗಡೆ ಇದೆ. ಸಸಿಹಿತ್ಲು, ಸುರತ್ಕಲ್ ಕಡೆ ಉಳಿದುಕೊಳ್ಳುವವರಿಗೆ ಅದೇ ಅನುಕೂಲ. ಒಮ್ಮೆಯಾದರೂ ಹಗಲು ರೈಲಿನಲ್ಲಿ ಬನ್ನಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕದ ಘಾಟಿಯಲ್ಲಿ 57 ಸುರಂಗಗಳನ್ನು ದಾಟಿ ಇಳಿಯುವ ಹಾದಿಯೇ ಒಂದು ಪ್ರವಾಸ.

ಊರೊಳಗೆ ಸಿಟಿ ಬಸ್ಸು ಹಿಡಿಯಿರಿ. ಎಲ್ಲ ದಿಕ್ಕಿಗೂ ಖಾಸಗಿ ಬಸ್ಸುಗಳು ಮೇಲಿಂದ ಮೇಲೆ ಓಡುತ್ತವೆ. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ "ಸ್ಟೇಟ್‌ಬೇಂಕ್, ಸ್ಟೇಟ್‌ಬೇಂಕ್" ಎಂದು ಕೂಗಿದರೆ ಅದು ಬ್ಯಾಂಕಿಗೆ ಹೋಗುವ ಬಸ್ಸೆಂದು ತಿಳಿಯಬೇಡಿ, ಹಂಪನಕಟ್ಟೆಯ ಬಳಿಯ ಮುಖ್ಯ ಸಿಟಿ ಬಸ್ ನಿಲ್ದಾಣಕ್ಕೆ ಊರವರ ಹೆಸರೇ ಅದು. ಪಣಂಬೂರು, ಸುರತ್ಕಲ್, ಉಳ್ಳಾಲ, ಸೋಮೇಶ್ವರಗಳಿಗೆ ಅಲ್ಲಿಂದ ಬಸ್ಸು ಸಿಗುತ್ತದೆ. ಕೆಎಸ್‌ಆರ್‌ಟಿಸಿ ನಿಲ್ದಾಣ ಮಾತ್ರ ಬಿಜೈಯಲ್ಲಿದೆ. ಬಸ್ಸು ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಚಿಲ್ಲರೆ ಕೈಯಲ್ಲಿರಲಿ, ಇಳಿಯುವ ಜಾಗ ಬರುವ ಮುನ್ನವೇ ಎದ್ದು ನಿಲ್ಲಿ. ಮನೆಗಳಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡಿದರೂ ಕನ್ನಡ ಎಲ್ಲರಿಗೂ ಬರುತ್ತದೆ. "ಅಣ್ಣಾ, ಈ ಬಸ್ಸು ಎಲ್ಲಿಗೆ?" ಎಂದು ಕೇಳಿದರೆ ಪಕ್ಕದ ಸೀಟಿನವರೂ ಸೇರಿ ದಾರಿ ಹೇಳುತ್ತಾರೆ.

ಮೀನೂಟದ ಲೆಕ್ಕ

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ, ಮೀನು ಮರಿ ಮಾಡುವ ಕಾಲವೆಂದು, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ನಾಡದೋಣಿಗಳು ಮಾತ್ರ ಹೋಗುತ್ತವೆ, ಅವೂ ಕಡಲು ಬಿಟ್ಟರೆ. ಆಗ ಮೀನು ಕಡಿಮೆ, ರೇಟು ಹೆಚ್ಚು. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೇ ಮುಗಿಯುವುದರಿಂದ ಆ ಕಡೆಯ ಮೀನು ಐಸು ತುಂಬಿಕೊಂಡು ಲಾರಿಯಲ್ಲಿ ಇಲ್ಲಿಗೆ ಬರುತ್ತದೆ. ತಾಜಾ ಮೀನು ತಿನ್ನಲೆಂದೇ ಬರುವವರು ಈ ಎರಡು ತಿಂಗಳು ಬಿಟ್ಟು ಬನ್ನಿ.

ಹೋಟೆಲಿನಲ್ಲಿ ಕೂತ ಕೂಡಲೇ ಮೆನು ಕಾರ್ಡು ನೋಡಬೇಡಿ, "ಇವತ್ತು ಯಾವ ಮೀನು ಬಂದಿದೆ?" ಎಂದು ಕೇಳಿ. ಅಂಜಲ್, ಮಾಂಜಿ, ಕಾಣೆ ದುಬಾರಿ. ಅವುಗಳ ರೇಟು ಗಾತ್ರದ ಮೇಲೆ ಹೋಗುವುದರಿಂದ ಆರ್ಡರ್ ಕೊಡುವ ಮೊದಲೇ ಕೇಳಿಬಿಡಿ, ಬಿಲ್ಲು ಬಂದ ಮೇಲೆ ಜಗಳ ಬೇಡ. ನಿಜವಾಗಿ ಊರಿನ ರುಚಿ ಇರುವುದು ಬಂಗುಡೆ ಪುಳಿಮುಂಚಿಯಲ್ಲಿ, ಬೂತಾಯಿ ಗಸಿಯಲ್ಲಿ. ಜೊತೆಗೆ ಕುಚ್ಚಲಕ್ಕಿ ಅನ್ನ ಕೇಳಿ, ಬೆಳ್ತಿಗೆಯ ಬಿಳಿ ಅನ್ನ ಬೇಡ. ಮೊದಲ ತುತ್ತಿಗೆ ದಪ್ಪ ಎನಿಸಿದರೂ ಮೀನಿನ ಸಾರು ಹಿಡಿಯುವುದು ಕುಚ್ಚಲಕ್ಕಿಯ ಅನ್ನವೇ. ಒಳ್ಳೆಯ ಮೀನೂಟದ ಹೋಟೆಲುಗಳಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಮೀನು ಖಾಲಿಯಾಗುತ್ತದೆ. ಹನ್ನೆರಡೂವರೆಗೇ ಹೋಗಿ.

ಸಸ್ಯಾಹಾರಿಗಳು ಚಿಂತಿಸಬೇಕಿಲ್ಲ. ಬೆಳಗ್ಗೆ ಬಾಳೆಹಣ್ಣು ಹಾಕಿ ಕಲಸಿದ ಬನ್ಸ್, ಮೂಡೆ, ನೀರುದೋಸೆ. ಸಂಜೆ ನಾಲ್ಕಕ್ಕೆ ಬಿಸಿ ಗೋಳಿಬಜೆ. ಮಳೆಗಾಲದಲ್ಲಿ ಕೆಸುವಿನ ಎಲೆಯ ಪತ್ರೊಡೆ. ಬಿಸಿಲಿಗೆ ಬೊಂಡ, ಅಂದರೆ ಎಳನೀರು, ಇಲ್ಲವೇ ಪುನರ್ಪುಳಿ ಶರಬತ್ತು. ತಂಪು ಪಾನೀಯದ ಬಾಟಲಿಗಿಂತ ಇವೇ ಮೇಲು.

ಇದು ಹಲವರ ಅಂಗಳ

ಬೆಳಗ್ಗೆ ಬೇಗ ದಡಕ್ಕೆ ಹೋದರೆ ಕೈರಂಪಣಿ ಬಲೆ ಎಳೆಯುವುದನ್ನು ನೋಡುವ ಭಾಗ್ಯ ಸಿಗಬಹುದು. ಒಂದು ದೋಣಿ ಬಲೆಯ ಒಂದು ತುದಿಯನ್ನು ದಡದಲ್ಲಿ ಬಿಟ್ಟು, ಕಡಲಿನಲ್ಲಿ ಅರ್ಧ ಸುತ್ತು ಹಾಕಿ, ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ತರುತ್ತದೆ. ಎರಡೂ ಕಡೆ ಗುಂಪಾಗಿ ನಿಂತವರು ಹಗ್ಗ ಎಳೆಯುತ್ತ ಎಳೆಯುತ್ತ ಹತ್ತಿರವಾಗುತ್ತಾರೆ. ಬಲೆ ದಡ ಸಮೀಪಿಸಿದಂತೆ ಹದ್ದುಗಳು ಮೇಲೆ ಸುತ್ತಲು ಶುರು. ಕೊನೆಗೆ ಬಲೆಯ ಚೀಲ ಮರಳಿನ ಮೇಲೆ ಬಂದಾಗ ಅದರೊಳಗೆ ಬೂತಾಯಿ, ಕೊಲ್ಲತರು, ಒಂದಷ್ಟು ಬಂಗುಡೆ, ಬಲೆಗೆ ಕಚ್ಚಿಕೊಂಡ ಡೆಂಜಿ, ಅಂದರೆ ಏಡಿ. ಸಿಕ್ಕಿದ್ದನ್ನು ಅಲ್ಲೇ ಪಾಲು ಮಾಡುತ್ತಾರೆ. ನೀವೂ ಕೊಳ್ಳಬಹುದು. ಆದರೆ ಎಳೆಯುವ ಹಗ್ಗವನ್ನು ದಾಟಬೇಡಿ, ಒಣಗಲು ಹಾಕಿದ ಬಲೆಯನ್ನು ತುಳಿಯಬೇಡಿ, ಕೇಳದೆ ಮುಖದ ಹತ್ತಿರ ಕ್ಯಾಮೆರಾ ಹಿಡಿಯಬೇಡಿ. ನಿಮಗೆ ಅದು ರಜೆಯ ಬೆಳಗು, ಅವರಿಗೆ ಅದು ದುಡಿಮೆಯ ಹೊತ್ತು. ಇಲ್ಲಿಯ ಮೀನುಗಾರರಾದ ಮೊಗವೀರರು ದೋಣಿಗೂ ಕಡಲಿಗೂ ಕೈಮುಗಿದು ಕೆಲಸಕ್ಕೆ ಇಳಿಯುವವರು. ದೋಣಿಗೆ ಚಪ್ಪಲಿ ಕಾಲಿನಲ್ಲಿ ಹತ್ತಿ ಕೂರುವುದನ್ನು ಅವರು ಸಹಿಸಲಾರರು.

ರಾತ್ರಿಗಳೂ ಇಲ್ಲಿ ಖಾಲಿಯಲ್ಲ. ದೀಪಾವಳಿಯ ನಂತರ ಶುರುವಾಗಿ ಮೇ ಕೊನೆಯ ಪತ್ತನಾಜೆ ಎಂಬ ದಿನದ ತನಕ ಯಕ್ಷಗಾನದ ಆಟ, ದೈವಗಳ ಕೋಲ, ನೇಮ ನಡೆಯುತ್ತವೆ. ಚಳಿಗಾಲದ ವಾರಾಂತ್ಯಗಳಲ್ಲಿ ಕಂಬಳ. ಹರಕೆಯ ಯಕ್ಷಗಾನ ಬಯಲಾಟಕ್ಕೆ ಟಿಕೆಟ್ ಇಲ್ಲ, ಯಾರು ಬೇಕಾದರೂ ಹೋಗಿ ಕೂರಬಹುದು. ಭೂತಕೋಲ ಮಾತ್ರ ಪ್ರದರ್ಶನವಲ್ಲ, ಆರಾಧನೆ. ಚಪ್ಪಲಿ ಕಳಚಿ, ದೂರದಲ್ಲಿ ಸುಮ್ಮನೆ ನಿಂತು ನೋಡಿ, ವಿಡಿಯೊ ತೆಗೆಯುವ ಮುನ್ನ ಕೋಲ ನಡೆಸುವ ಮನೆಯವರನ್ನು ಕೇಳಿ. ಸಿನಿಮಾ ನೋಡಿ ಬಂದು ಬೀಚಿನಲ್ಲಿ ದೈವದ ಅನುಕರಣೆ ಮಾಡಿ ರೀಲ್ಸ್ ಹಾಕುವುದು ಇಲ್ಲಿಯ ಜನರಿಗೆ ಬಹಳ ನೋವು ತರುತ್ತದೆ.

ದಡದ ಮರಳಿಗೂ ಹಕ್ಕುದಾರರಿದ್ದಾರೆ. 2024ರ ಆರಂಭದಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮಂಗಳೂರಿನ ಕಿನಾರೆಗೆ ಬಂದು ಮೊಟ್ಟೆಯಿಟ್ಟವು. ಅವು ಬರುವುದು ರಾತ್ರಿ, ಕತ್ತಲು ಮತ್ತು ನಿಶ್ಶಬ್ದ ಇದ್ದರೆ ಮಾತ್ರ. ಮರಳಿನ ಮೇಲೆ ಜೀಪು ಓಡಿಸುವುದು, ಬೆಂಕಿ ಹಾಕುವುದು, ಕಣ್ಣು ಕುಕ್ಕುವ ದೀಪ ಹಚ್ಚುವುದು ಅವುಗಳನ್ನು ಓಡಿಸುತ್ತವೆ. ಒಡೆದ ಬಿಯರ್ ಬಾಟಲಿಯ ಚೂರು ಮರುದಿನ ಬೆಳಗ್ಗೆ ಬರಿಗಾಲಲ್ಲಿ ಬಲೆ ಎಳೆಯುವವನ ಕಾಲಿಗೆ ಚುಚ್ಚುತ್ತದೆ. ತಂದ ಕಸವನ್ನು ಒಂದು ಚೀಲದಲ್ಲಿ ಕಟ್ಟಿ ವಾಪಸು ಒಯ್ಯುವುದು ದೊಡ್ಡ ಕೆಲಸವೇನಲ್ಲ. ಉಡುಪಿ ಜಿಲ್ಲೆಯ ಪಡುಬಿದ್ರಿ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿತು. ಮನಸ್ಸು ಮಾಡಿದರೆ ನಮ್ಮ ಕರಾವಳಿಯ ದಡಗಳನ್ನೂ ಚೊಕ್ಕಟವಾಗಿ ಇಡಬಹುದು ಎಂಬುದಕ್ಕೆ ಅದೇ ಸಾಕ್ಷಿ.

ಈ ಊರು ಬಂದವರನ್ನು ಎಂದೂ ಹಿಂದಕ್ಕೆ ಕಳಿಸಿದ್ದಿಲ್ಲ. ನೀವೂ ಬನ್ನಿ, ಮಕ್ಕಳನ್ನು ಕರೆತನ್ನಿ, ನಿಧಾನವಾಗಿ ಎರಡು ದಿನ ಇದ್ದು ಹೋಗಿ. ಇಷ್ಟು ಹೇಳಿದ್ದರಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ನೀರಿಗೆ ಕಾಲಿಡುವ ಮುನ್ನ ದಡದಲ್ಲಿರುವ ಜೀವರಕ್ಷಕರನ್ನೋ, ಬಲೆ ಹೆಣೆಯುತ್ತ ಕೂತ ಮೀನುಗಾರರನ್ನೋ ಕೇಳಿ. ಅವರು ಬೇಡ ಎಂದರೆ ವಾದ ಮಾಡಬೇಡಿ, ಇಳಿಯಬೇಡಿ.